ಮೊದಲ ಗೇಮಿಂಗ್ ಕಂಪ್ಯೂಟರ್: ಐವತ್ತು ಸಾವಿರವನ್ನು ಹೇಗೆ ಹಂಚಬೇಕು?

ಪರೀಕ್ಷೆ ಮುಗಿಯುವ ಹೊತ್ತಿಗೆ ನಮ್ಮ ಕಾಲೇಜಿನ ಕಾರಿಡಾರಿನಲ್ಲಿ ತುಂಬಾ ಕೇಳಿಬರುವ ಪ್ರಶ್ನೆ ಒಂದಿದೆ: "ಗೇಮಿಂಗ್ ಪಿಸಿ ಮಾಡಿಸಬೇಕು, ಎಷ್ಟಾಗುತ್ತೆ?" ಇದೇ ಪ್ರಶ್ನೆಯನ್ನು ಅಂಗಡಿಯಲ್ಲಿ ಕೇಳಿದರೆ ಸಿಗುವ ಉತ್ತರ, ನಿಮ್ಮ ಜೇಬಿನಲ್ಲಿ ಎಷ್ಟಿದೆಯೋ ಅಷ್ಟು. ಅದರ ಬದಲು "ನನ್ನ ಹತ್ತಿರ ಇಷ್ಟಿದೆ, ಇದರಲ್ಲಿ ಯಾವ ಭಾಗಕ್ಕೆ ಎಷ್ಟು ಹೋಗಬೇಕು?" ಎಂದು ಮನೆಯಲ್ಲೇ ಕೂತು ಲೆಕ್ಕ ಹಾಕಿಕೊಂಡು ಹೋಗಬೇಕು. ಅಕೌಂಟೆನ್ಸಿ ಓದುವ ನಮಗೆ ಇದು ಬರದ ಕೆಲಸವೇನಲ್ಲ. ಇದೂ ಒಂದು ಬಜೆಟ್ ಅಷ್ಟೆ.

ಈ ಲೇಖನದಲ್ಲಿ ಭಾಗಗಳ ಬೆಲೆಪಟ್ಟಿ ಕೊಟ್ಟಿಲ್ಲ. ಕಂಪ್ಯೂಟರ್ ಭಾಗಗಳ ಬೆಲೆ ವಾರಕ್ಕೊಮ್ಮೆ ಬದಲಾಗುತ್ತದೆ. ಈ ಸಂಚಿಕೆ ನಿಮ್ಮ ಕೈಗೆ ಬರುವಷ್ಟರಲ್ಲಿ ಅದು ಹಳೆಯದಾಗಿರುತ್ತದೆ. ಬೇಗ ಹಳೆಯದಾಗದ ವಿಷಯವೆಂದರೆ ಹಣವನ್ನು ಹಂಚುವ ರೀತಿ. ಅದನ್ನೇ ಇಲ್ಲಿ ವಿವರಿಸುತ್ತೇನೆ.

ಮೊದಲು ಆಟದ ಪಟ್ಟಿ ಬರೆಯಿರಿ

ಅಂಗಡಿಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ ನೀವು ಆಡುವ ಐದು ಆಟಗಳ ಹೆಸರು ಬರೆಯಿರಿ. ವ್ಯಾಲೊರಂಟ್, ಕೌಂಟರ್ ಸ್ಟ್ರೈಕ್ 2, ಮೈನ್‌ಕ್ರಾಫ್ಟ್ ಮೊದಲಾದವು ಹಗುರ ಆಟಗಳು. ಜಿಟಿಎ 5, ಫುಟ್‌ಬಾಲ್ ಆಟಗಳು ಮಧ್ಯಮ. ಹೊಸದಾಗಿ ಬರುವ ದೊಡ್ಡ ಕಥೆಯ ಆಟಗಳು ಭಾರ. ನಿಮ್ಮ ಪಟ್ಟಿಯಲ್ಲಿ ಹಗುರ ಆಟಗಳೇ ಇದ್ದರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆಯೂ ಶುರು ಮಾಡಬಹುದು. ಎಎಂಡಿಯ ರೈಜೆನ್ 5 5600ಜಿ ಥರದ ಪ್ರೊಸೆಸರ್‌ಗಳಲ್ಲಿ ಚಿತ್ರ ಮೂಡಿಸುವ ಭಾಗ ಒಳಗೇ ಇದೆ. ಸೆಟ್ಟಿಂಗ್ ಕಡಿಮೆ ಇಟ್ಟುಕೊಂಡರೆ ವ್ಯಾಲೊರಂಟ್ ಅದರಲ್ಲಿ ಚೆನ್ನಾಗಿಯೇ ಓಡುತ್ತದೆ. ಮುಂದಿನ ವರ್ಷ ಕೈಯಲ್ಲಿ ಹಣವಿದ್ದಾಗ ಕಾರ್ಡ್ ಸೇರಿಸಬಹುದು.

ಆಟದ ಜೊತೆಗೆ ಪರದೆಯನ್ನೂ ತೀರ್ಮಾನಿಸಿ. ಮೊದಲ ಕಂಪ್ಯೂಟರಿಗೆ 1080ಪಿ ಸಾಕು. 1440ಪಿ ಪರದೆಯಲ್ಲಿ ಚುಕ್ಕಿಗಳ ಸಂಖ್ಯೆ ಸುಮಾರು 1.8 ಪಟ್ಟು ಹೆಚ್ಚು, 4ಕೆ ಪರದೆಯಲ್ಲಿ ಸರಿಯಾಗಿ 4 ಪಟ್ಟು. ಅಷ್ಟೂ ಚುಕ್ಕಿಗಳಿಗೆ ಬಣ್ಣ ತುಂಬುವ ಕೆಲಸ ಗ್ರಾಫಿಕ್ಸ್ ಕಾರ್ಡಿನದು. ಹಾಗಾಗಿ ಪರದೆ ದೊಡ್ಡದು ಮಾಡಿದರೆ ಕಾರ್ಡಿನ ಖರ್ಚೂ ಅದರ ಹಿಂದೆಯೇ ಬರುತ್ತದೆ.

ದರ್ಜಿ ಅಂಗಡಿಯ ಲೆಕ್ಕ

ಯಾವ ಭಾಗ ಏನು ಮಾಡುತ್ತದೆ ಎಂದು ತಿಳಿಯಲು ರಂಜಾನ್ ಕೊನೆಯ ವಾರದಲ್ಲಿ ತಿಲಕ್ ನಗರದ ಒಂದು ದರ್ಜಿ ಅಂಗಡಿಯನ್ನು ನೆನಪಿಸಿಕೊಳ್ಳಿ. ಕಟಿಂಗ್ ಮಾಸ್ಟರ್ ಅಳತೆ ನೋಡಿ ಬಟ್ಟೆ ಕತ್ತರಿಸುತ್ತಾರೆ. ಹಿಂದೆ ಕೂತ ನಾಲ್ಕೈದು ಜನ ಹೊಲಿಯುತ್ತಾರೆ. ಕತ್ತರಿಸಲು ಒಂದು ಮೇಜು ಇದೆ, ಬಟ್ಟೆ ಇಡಲು ಬೀರು ಇದೆ.

ಪ್ರೊಸೆಸರ್ ಎಂದರೆ ಕಟಿಂಗ್ ಮಾಸ್ಟರ್. ಆಟದಲ್ಲಿ ಯಾರು ಎಲ್ಲಿದ್ದಾರೆ, ಗುಂಡು ಯಾರಿಗೆ ತಾಗಿತು ಎಂಬ ಲೆಕ್ಕ ಹಾಕಿ, ಏನು ಚಿತ್ರಿಸಬೇಕು ಎಂದು ಹೇಳುವುದು ಅದರ ಕೆಲಸ. ಗ್ರಾಫಿಕ್ಸ್ ಕಾರ್ಡ್ ಎಂದರೆ ಹೊಲಿಯುವವರ ಗುಂಪು. ಹೇಳಿದ್ದನ್ನು ಚಿತ್ರವಾಗಿ ಮೂಡಿಸುತ್ತದೆ. ರ್‍ಯಾಮ್ ಎಂದರೆ ಕತ್ತರಿಸುವ ಮೇಜು. ಎಸ್‌ಎಸ್‌ಡಿ ಎಂದರೆ ಬೀರು. ಸಿದ್ಧವಾಗಿ ಹೊರಬರುವ ಒಂದೊಂದು ಕುರ್ತಾ ಒಂದೊಂದು ಫ್ರೇಮ್. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಒಂದೊಂದಕ್ಕೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್. 144 ಬೇಕೆಂದರೆ ಸುಮಾರು 6.9 ಮಿಲಿಸೆಕೆಂಡ್ ಮಾತ್ರ.

ಮಾಸ್ಟರ್ ನಿಧಾನವಾದರೆ ಹೊಲಿಯುವವರು ಕೈಕಟ್ಟಿ ಕೂರುತ್ತಾರೆ. ಹೊಲಿಯುವವರು ಕಡಿಮೆಯಾದರೆ ಕತ್ತರಿಸಿದ ಬಟ್ಟೆ ಗುಡ್ಡೆ ಬೀಳುತ್ತದೆ. ಎರಡರಲ್ಲೂ ಸಂಬಳ ಪೂರ್ತಿ ಕೊಡಬೇಕು, ಕುರ್ತಾ ಮಾತ್ರ ಕಡಿಮೆ ಬರುತ್ತದೆ. ದುಬಾರಿ ಪ್ರೊಸೆಸರ್ ಹಾಕಿಸಿ ಅಗ್ಗದ ಕಾರ್ಡ್ ಕೂರಿಸುವುದು, ಅಥವಾ ಹಳೆಯ ಪ್ರೊಸೆಸರ್ ಪಕ್ಕದಲ್ಲಿ ಹೊಚ್ಚ ಹೊಸ ಕಾರ್ಡ್ ಇಡುವುದು, ಇವೆರಡೂ ಇದೇ ನಷ್ಟ. ಒಳ್ಳೆಯ ಬಜೆಟ್ ಎಂದರೆ ಯಾರೂ ಸುಮ್ಮನೆ ಕೂರದ ಅಂಗಡಿ.

ಹಂಚುವ ರೀತಿ

ಕಂಪ್ಯೂಟರಿನ ಡಬ್ಬಿಗೆ ಮಾತ್ರ 50,000 ರೂಪಾಯಿ ಇದೆ ಎಂದುಕೊಳ್ಳೋಣ. ಪರದೆ, ಕೀಬೋರ್ಡ್, ಮೌಸ್, ವಿಂಡೋಸ್ ಲೈಸೆನ್ಸ್ ಬೇರೆ ಲೆಕ್ಕ. ನಾನು ಹಾಕಿಕೊಂಡಿರುವ ಹಂಚಿಕೆ ಹೀಗಿದೆ:

ಗ್ರಾಫಿಕ್ಸ್ ಕಾರ್ಡ್: ಶೇ 38, ಅಂದರೆ 19,000
ಪ್ರೊಸೆಸರ್: ಶೇ 17, ಅಂದರೆ 8,500
ಮದರ್‌ಬೋರ್ಡ್: ಶೇ 12, ಅಂದರೆ 6,000
ರ್‍ಯಾಮ್: ಶೇ 12, ಅಂದರೆ 6,000
ಎಸ್‌ಎಸ್‌ಡಿ: ಶೇ 9, ಅಂದರೆ 4,500
ಪವರ್ ಸಪ್ಲೈ: ಶೇ 7, ಅಂದರೆ 3,500
ಕ್ಯಾಬಿನೆಟ್: ಶೇ 5, ಅಂದರೆ 2,500

ಇವು ಬೆಲೆಗಳಲ್ಲ, ಮಿತಿಗಳು. ಒಂದು ಸಾಲು ಮಿತಿ ಮೀರಿದರೆ ಯಾವ ಸಾಲಿನಿಂದ ತೆಗೆಯಬೇಕು ಎಂದು ತೀರ್ಮಾನಿಸಲು ಈ ಪಟ್ಟಿ. ತೆಗೆಯುವುದಾದರೆ ಮೊದಲು ಕ್ಯಾಬಿನೆಟ್‌ನಿಂದ, ಆಮೇಲೆ ಮದರ್‌ಬೋರ್ಡ್‌ನಿಂದ ತೆಗೆಯಿರಿ. ಪವರ್ ಸಪ್ಲೈ ಮುಟ್ಟಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಈಗ ಈ ಪಟ್ಟಿಯಲ್ಲಿ ಗಡಿ ಮೀರುತ್ತಿರುವ ಸಾಲು ರ್‍ಯಾಮ್. ಎಐ ಡೇಟಾ ಸೆಂಟರುಗಳಿಗೆ ಮೆಮೊರಿ ಚಿಪ್ ಬೇಕಾಗಿರುವುದರಿಂದ 2025ರ ಕೊನೆಯ ತಿಂಗಳುಗಳಿಂದ ರ್‍ಯಾಮ್ ಬೆಲೆ ಜಗತ್ತಿನೆಲ್ಲೆಡೆ ಏರಿತು. ಆ ವರ್ಷದ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ತನ್ನ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ತಯಾರಕರು ಕೆಲವೇ ಕಂಪನಿಗಳಾಗಿದ್ದು ದೊಡ್ಡ ಗಿರಾಕಿ ಬಂದಾಗ ಚಿಕ್ಕ ಗಿರಾಕಿಗೆ ಏನಾಗುತ್ತದೆ ಎಂಬುದು ನಮ್ಮ ಅರ್ಥಶಾಸ್ತ್ರದ ಪುಸ್ತಕದ ಬೇಡಿಕೆ-ಪೂರೈಕೆ ಪಾಠವೇ. ಈ ಪರಿಸ್ಥಿತಿಯಲ್ಲಿ ಡಿಡಿಆರ್4 ರ್‍ಯಾಮ್ ಸೆಕೆಂಡ್ ಹ್ಯಾಂಡ್ ಸಿಕ್ಕರೆ ತೆಗೆದುಕೊಳ್ಳಬಹುದು. ರ್‍ಯಾಮಿನಲ್ಲಿ ತಿರುಗುವ, ಸವೆಯುವ ಭಾಗ ಯಾವುದೂ ಇಲ್ಲ, ಪರೀಕ್ಷಿಸುವುದೂ ಸುಲಭ.

ಒಂದೊಂದೇ ಭಾಗ

ಪ್ರೊಸೆಸರ್: ಕಡಿಮೆ ಬಜೆಟ್ಟಿಗೆ ಎರಡು ಕುಟುಂಬಗಳು ಹೊಂದುತ್ತವೆ. ಇಂಟೆಲ್‌ನಲ್ಲಿ ಐ3-12100ಎಫ್ (4 ಕೋರ್) ಮತ್ತು ಐ5-12400ಎಫ್ (6 ಕೋರ್). ಎಎಂಡಿಯಲ್ಲಿ ರೈಜೆನ್ 5 5600 (6 ಕೋರ್). ಇಂಟೆಲ್ ಹೆಸರಿನ ಕೊನೆಯಲ್ಲಿ 'ಎಫ್' ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ ಎಂದರ್ಥ; ಕಾರ್ಡ್ ಇಲ್ಲದೆ ಪರದೆಯಲ್ಲಿ ಏನೂ ಕಾಣುವುದಿಲ್ಲ. ಕಾರ್ಡ್ ಆಮೇಲೆ ತೆಗೆದುಕೊಳ್ಳುತ್ತೇನೆ ಎನ್ನುವವರು 'ಎಫ್' ಇಲ್ಲದ್ದನ್ನೇ ಕೇಳಬೇಕು.

ಮದರ್‌ಬೋರ್ಡ್: ಇದು ಪ್ರೊಸೆಸರಿಗೆ ಹೊಂದಬೇಕು. ರೈಜೆನ್ 5 5600ಕ್ಕೆ ಎಎಂ4 ಸಾಕೆಟ್, ಇಂಟೆಲ್ 12ರಿಂದ 14ನೇ ತಲೆಮಾರಿಗೆ ಎಲ್‌ಜಿಎ 1700. ಎಲ್‌ಜಿಎ 1700 ಬೋರ್ಡ್‌ಗಳಲ್ಲಿ ಡಿಡಿಆರ್4 ಹಿಡಿಯುವವೂ ಇವೆ, ಡಿಡಿಆರ್5 ಹಿಡಿಯುವವೂ ಇವೆ. ಒಂದರ ರ್‍ಯಾಮ್ ಇನ್ನೊಂದರ ಸ್ಲಾಟಿನಲ್ಲಿ ಕೂರುವುದೇ ಇಲ್ಲ. ಎಎಂಡಿಯ ಹೊಸ ಎಎಂ5 ಸಾಕೆಟ್ ಡಿಡಿಆರ್5 ಮಾತ್ರ ಹಿಡಿಯುತ್ತದೆ. ಶುರುವಿನಲ್ಲಿ ಖರ್ಚು ಹೆಚ್ಚು, ಆದರೆ ಮುಂದೆ ಪ್ರೊಸೆಸರ್ ಮಾತ್ರ ಬದಲಿಸುವ ದಾರಿ ತೆರೆದಿರುತ್ತದೆ. ಹಣ ಬಿಗಿಯಾಗಿದ್ದರೆ ಎಎಂ4 ಸಾಕು.

ರ್‍ಯಾಮ್: 16 ಜಿಬಿ ಬೇಕು. ಒಂದೇ 16ರ ಬದಲು 8ರ ಎರಡು ಕಡ್ಡಿ ಹಾಕಿಸಿ. ಎರಡು ಕಡ್ಡಿ ಇದ್ದಾಗ ಪ್ರೊಸೆಸರಿಗೆ ಎರಡು ದಾರಿಯಲ್ಲಿ ಮಾಹಿತಿ ಬರುತ್ತದೆ. 5600ಜಿ ಥರ ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರಿನಲ್ಲಂತೂ ಇದರ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ನಾಲ್ಕು ಸ್ಲಾಟಿನ ಬೋರ್ಡ್ ಆದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿನಲ್ಲಿ ಹಾಕಬೇಕು. ಬೋರ್ಡ್ ಜೊತೆ ಬರುವ ಪುಸ್ತಕದಲ್ಲಿ ಚಿತ್ರವಿರುತ್ತದೆ.

ಗ್ರಾಫಿಕ್ಸ್ ಕಾರ್ಡ್: 1080ಪಿ ಆಟಕ್ಕೆ ಆರ್‌ಎಕ್ಸ್ 6600 (8 ಜಿಬಿ), ಆರ್‌ಟಿಎಕ್ಸ್ 3060 (12 ಜಿಬಿ), ಆರ್‌ಟಿಎಕ್ಸ್ 4060 (8 ಜಿಬಿ) ಇವೆಲ್ಲ ಚೆನ್ನಾಗಿವೆ. ಯಾವುದು ನಿಮ್ಮ ಮಿತಿಯೊಳಗೆ ವಾರಂಟಿ ಸಮೇತ ಸಿಗುತ್ತದೋ ಅದು ಒಳ್ಳೆಯದು. ಆರ್‌ಎಕ್ಸ್ 6500 ಎಕ್ಸ್‌ಟಿ ಅಗ್ಗ ಎಂದು ತೆಗೆದುಕೊಳ್ಳುವ ಮೊದಲು ಯೋಚಿಸಿ. ಅದರಲ್ಲಿ ಮೆಮೊರಿ ಸಾಮಾನ್ಯವಾಗಿ 4 ಜಿಬಿ, ಬೋರ್ಡ್ ಜೊತೆ ಮಾತಾಡಲು ಇರುವುದು ನಾಲ್ಕೇ ಲೇನ್. ಹಳೆಯ ಬೋರ್ಡಿನಲ್ಲಿ ಅದರ ಓಟ ಇನ್ನೂ ಕಡಿಮೆಯಾಗುತ್ತದೆ.

ಎಸ್‌ಎಸ್‌ಡಿ: ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ, ಎನ್‌ವಿಎಂಇ ಅದರ ಹಲವು ಪಟ್ಟು. ಜಿಟಿಎ 5 ಒಂದೇ 100 ಜಿಬಿ ಮೀರುತ್ತದೆ. ಆದ್ದರಿಂದ 256 ಜಿಬಿ ತೆಗೆದುಕೊಂಡರೆ ಎರಡು ಆಟಕ್ಕೆ ಜಾಗ ಮುಗಿಯುತ್ತದೆ. 500 ಜಿಬಿಯಿಂದ ಶುರು ಮಾಡಿ.

ಪವರ್ ಸಪ್ಲೈ: ಗೋಡೆಯ ಸಾಕೆಟ್‌ನಿಂದ ಬರುವ ವಿದ್ಯುತ್ತನ್ನು ಉಳಿದೆಲ್ಲ ಭಾಗಗಳಿಗೆ ಹಂಚುವುದು ಇದೇ. ಕ್ಯಾಬಿನೆಟ್ ಜೊತೆ ಉಚಿತ ಎಂದು ಕೊಡುವ, ಮೇಲೆ ದೊಡ್ಡ ವ್ಯಾಟ್ ಸಂಖ್ಯೆ ಬರೆದ ಹಗುರ ಡಬ್ಬಿಗಳು ಇರುತ್ತವೆ. ಅದು ಸುಟ್ಟರೆ ಒಂದೇ ಸುಡುವುದಿಲ್ಲ. 19,000ದ ಕಾರ್ಡನ್ನೂ ಜೊತೆಗೆ ಕರೆದುಕೊಂಡು ಹೋಗಬಹುದು. ಆರ್‌ಎಕ್ಸ್ 6600 ಎಳೆಯುವುದು ಸುಮಾರು 132 ವ್ಯಾಟ್. ಪ್ರೊಸೆಸರ್ ಮತ್ತು ಉಳಿದವೂ ಸೇರಿ ಒಟ್ಟು 250ರ ಸುತ್ತ ನಿಲ್ಲುತ್ತದೆ. ಇದಕ್ಕೆ ಹೆಸರಿರುವ ಕಂಪನಿಯ 450ರಿಂದ 550 ವ್ಯಾಟಿನ, '80 ಪ್ಲಸ್ ಬ್ರಾಂಝ್' ಗುರುತಿರುವ ಪವರ್ ಸಪ್ಲೈ ಸಾಕು. ಬ್ರಾಂಝ್ ಎಂದರೆ ಅರ್ಧ ಭಾರದಲ್ಲಿ ಎಳೆದುಕೊಂಡ ವಿದ್ಯುತ್ತಿನಲ್ಲಿ ಶೇ 85ರಷ್ಟು ಕೆಲಸಕ್ಕೆ ಬರುತ್ತದೆ ಎಂದರ್ಥ. ಜೊತೆಗೆ ಮನೆಯ ಮೂರು ಪಿನ್ ಸಾಕೆಟ್ಟಿನಲ್ಲಿ ಅರ್ಥಿಂಗ್ ನಿಜವಾಗಿ ಇದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಹಳೆಯ ಬಾಡಿಗೆ ಮನೆಗಳಲ್ಲಿ ಮೂರನೇ ತೂತು ಬರೀ ತೂತಾಗಿಯೇ ಇರುವುದುಂಟು.

ಹೆಸರು ನೋಡಿ ಮರುಳಾಗಬೇಡಿ

"ಐ7, 16 ಜಿಬಿ, 4 ಜಿಬಿ ಗ್ರಾಫಿಕ್ಸ್, ಗೇಮಿಂಗ್ ಪಿಸಿ" ಎಂಬ ಜಾಹೀರಾತು ಕಡಿಮೆ ಬೆಲೆಗೆ ಕಾಣಿಸುತ್ತದೆ. ಇದರಲ್ಲಿ ಒಂದು ಪದವೂ ಸುಳ್ಳಲ್ಲದಿರಬಹುದು. ಆದರೆ ಆ ಐ7 ಯಾವ ತಲೆಮಾರಿನದು? ಐ7-2600 ಮಾರುಕಟ್ಟೆಗೆ ಬಂದದ್ದು 2011ರಲ್ಲಿ. ಅದರಲ್ಲೂ 4 ಕೋರ್, 8 ಥ್ರೆಡ್. 2022ರಲ್ಲಿ ಬಂದ ಐ3-12100ರಲ್ಲೂ 4 ಕೋರ್, 8 ಥ್ರೆಡ್. ಕೆಲಸದ ವೇಗದಲ್ಲಿ ಈ ಐ3 ಆ ಐ7ನ್ನು ಬಹಳ ಹಿಂದೆ ಹಾಕುತ್ತದೆ. ಐ3, ಐ5, ಐ7 ಎಂಬುದು ಒಂದೇ ವರ್ಷದ ಮಕ್ಕಳಲ್ಲಿ ಯಾರು ಮುಂದೆ ಎಂದು ಹೇಳುತ್ತದೆ; ಬೇರೆ ಬೇರೆ ವರ್ಷದವರನ್ನು ಹೋಲಿಸಲು ಅದು ಬರುವುದಿಲ್ಲ.

"4 ಜಿಬಿ ಗ್ರಾಫಿಕ್ಸ್" ಕೂಡ ಹಾಗೆಯೇ. ಜಿಟಿ 730 ಎಂಬ ಹಳೆಯ ಕಾರ್ಡ್ 4 ಜಿಬಿಯಲ್ಲೂ ಬರುತ್ತದೆ. ದರ್ಜಿ ಅಂಗಡಿಗೆ ದೊಡ್ಡ ಕೋಣೆ ಇದ್ದು ಹೊಲಿಯುವವರು ಇಲ್ಲದಿದ್ದರೆ ಹೇಗೋ ಹಾಗೆ. ಪೂರ್ತಿ ಮಾಡೆಲ್ ಸಂಖ್ಯೆ ಕೇಳಿ. ಸಂಖ್ಯೆ ಹೇಳದ ಅಂಗಡಿಯಿಂದ ಸಲಾಂ ಹೇಳಿ ಹೊರಬನ್ನಿ.

ಕಂಪನಿಯ ಹಳೆಯ ಕಂಪ್ಯೂಟರುಗಳು

ಬೆಂಗಳೂರಿಗೆ ಒಂದು ಅನುಕೂಲವಿದೆ. ಇಲ್ಲಿನ ಐಟಿ ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಆಫೀಸ್ ಡೆಸ್ಕ್‌ಟಾಪ್‌ಗಳು ದುರಸ್ತಿಯಾಗಿ ಮಾರುಕಟ್ಟೆಗೆ ಬರುತ್ತವೆ. ಬಜೆಟ್ ತೀರಾ ಚಿಕ್ಕದಾಗಿದ್ದರೆ ಇದು ಒಳ್ಳೆಯ ದಾರಿ, ಆದರೆ ಮೂರು ವಿಷಯ ನೋಡಬೇಕು.

ಒಂದು, ತಲೆಮಾರು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಲ್ಲಿಸಿದೆ. ವಿಂಡೋಸ್ 11 ನಿಯಮದ ಪ್ರಕಾರ ಇಂಟೆಲ್ 8ನೇ ತಲೆಮಾರು ಅಥವಾ ರೈಜೆನ್ 2000 ಸರಣಿಯಿಂದ ಮೇಲೆ ಇರಬೇಕು, ಟಿಪಿಎಂ 2.0 ಇರಬೇಕು. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡಲು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎರಡೂ ಚಾಲೂ ಇರಲೇಬೇಕು. ಆರನೇ ತಲೆಮಾರಿನ ಯಂತ್ರ ಅಗ್ಗವಾಗಿ ಸಿಗುವುದಕ್ಕೆ ಇದೂ ಒಂದು ಕಾರಣ.

ಎರಡು, ಡಬ್ಬಿಯ ಗಾತ್ರ. ತೆಳುವಾದ ಆಫೀಸ್ ಡಬ್ಬಿಯಲ್ಲಿ ಸಾಮಾನ್ಯ ಕಾರ್ಡ್ ಹಿಡಿಯುವುದಿಲ್ಲ; ಅರ್ಧ ಎತ್ತರದ 'ಲೋ ಪ್ರೊಫೈಲ್' ಕಾರ್ಡೇ ಬೇಕು. ಟವರ್ ಡಬ್ಬಿ ಸಿಕ್ಕರೆ ಅದನ್ನೇ ಆರಿಸಿ.

ಮೂರು, ಪವರ್ ಸಪ್ಲೈ. ಆಫೀಸ್ ಯಂತ್ರಗಳಲ್ಲಿ ಅದು ಚಿಕ್ಕದು, ಎಷ್ಟೋ ಸಲ ಕಂಪನಿಯ ಸ್ವಂತ ಆಕಾರದ್ದು, ಬದಲಿಸುವುದು ಕಷ್ಟ. ಇಂಥ ಕಡೆ ಬೇರೆ ವೈರ್ ಕೇಳದ ಕಾರ್ಡ್ ಹಾಕಬೇಕು. ಜಿಟಿಎಕ್ಸ್ 1650ರ ಕೆಲವು ಮಾದರಿ ಮತ್ತು ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ ಬೋರ್ಡಿನ ಸ್ಲಾಟ್ ಕೊಡುವ 75 ವ್ಯಾಟಿನೊಳಗೇ ಓಡುತ್ತವೆ.

ಬಿಡಿಯಾಗಿ ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವವರು ಇನ್ನೂ ಎಚ್ಚರದಿಂದಿರಬೇಕು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಕ್ರಿಪ್ಟೋ ಮೈನಿಂಗ್ ಪದ್ಧತಿಯನ್ನೇ ಬಿಟ್ಟಿತು. ಆ ಕೆಲಸದಲ್ಲಿ ಹಗಲುರಾತ್ರಿ ಓಡಿದ ಕಾರ್ಡುಗಳು ಜಗತ್ತಿನಾದ್ಯಂತ ಮಾರಾಟಕ್ಕೆ ಬಂದವು. ಕಾರ್ಡನ್ನು ಅಲ್ಲೇ ಕಂಪ್ಯೂಟರಿಗೆ ಹಾಕಿಸಿ, ಜಿಪಿಯು-ಝಡ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಹೆಸರು ಸರಿಯಿದೆಯೇ ನೋಡಿ, ಇಪ್ಪತ್ತು ನಿಮಿಷ ಭಾರದ ಆಟ ಓಡಿಸಿ. ಪರದೆಯಲ್ಲಿ ಬಣ್ಣದ ಚುಕ್ಕಿ, ಗೆರೆ ಬಂದರೆ ಬೇಡ ಎನ್ನಿ.

ಬೆಲೆ ಕಟ್ಟಲು ನಮ್ಮ ಸವಕಳಿ ಪಾಠ ಸಹಾಯಕ್ಕೆ ಬರುತ್ತದೆ. ಆದಾಯ ತೆರಿಗೆ ನಿಯಮದಲ್ಲಿ ಕಂಪ್ಯೂಟರಿಗೆ ಇಳಿಕೆ ಮೌಲ್ಯದ ಪದ್ಧತಿಯಲ್ಲಿ ವರ್ಷಕ್ಕೆ ಶೇ 40 ಸವಕಳಿ. ಅಂದರೆ 20,000ದ ಕಾರ್ಡ್ ಒಂದು ವರ್ಷಕ್ಕೆ 12,000, ಎರಡು ವರ್ಷಕ್ಕೆ 7,200. ಮಾರುಕಟ್ಟೆ ಈ ಲೆಕ್ಕವನ್ನೇ ಅನುಸರಿಸಬೇಕೆಂದಿಲ್ಲ. ಆದರೆ ಎರಡು ವರ್ಷದ ಕಾರ್ಡಿಗೆ 15,000 ಕೇಳುವವರ ಜೊತೆ ಮಾತು ಶುರು ಮಾಡಲು ಒಂದು ಅಂಕಿ ಕೈಯಲ್ಲಿ ಇರುತ್ತದೆ.

ಎಸ್‌ಪಿ ರೋಡಿಗೆ ಹೋಗುವಾಗ

ನಮ್ಮ ಕಡೆಯವರಿಗೆ ಭಾಗ ಕೊಳ್ಳಲು ದೊಡ್ಡ ಮಾರುಕಟ್ಟೆ ಸಾದರ್ ಪತ್ರಪ್ಪ ರಸ್ತೆ, ಎಲ್ಲರ ಬಾಯಲ್ಲಿ ಎಸ್‌ಪಿ ರೋಡ್. ಜೆಪಿ ನಗರ, ಬನಶಂಕರಿ, ಜಯನಗರದವರು ಹಸಿರು ಮಾರ್ಗದ ಮೆಟ್ರೋದಲ್ಲಿ ಕೆ.ಆರ್. ಮಾರ್ಕೆಟ್ ಅಥವಾ ಚಿಕ್ಕಪೇಟೆಯಲ್ಲಿ ಇಳಿದು ನಡೆಯಬಹುದು. ಬಿಟಿಎಂ ಲೇಔಟಿನವರಿಗೆ 2025ರ ಆಗಸ್ಟಿನಿಂದ ಹಳದಿ ಮಾರ್ಗವಿದೆ, ಆರ್.ವಿ. ರೋಡ್ ನಿಲ್ದಾಣದಲ್ಲಿ ಹಸಿರಿಗೆ ಬದಲಾಯಿಸಿದರಾಯಿತು. ಭಾನುವಾರ ಅಲ್ಲಿ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಶುಕ್ರವಾರ ನಮಾಜಿನ ಅವಸರದಲ್ಲಿ ಹೋದರೆ ನಾಲ್ಕು ಅಂಗಡಿ ವಿಚಾರಿಸಲು ಆಗುವುದಿಲ್ಲ. ಶನಿವಾರ ಮಧ್ಯಾಹ್ನ ಸರಿ. ದೊಡ್ಡವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಮೊದಲ ಸುತ್ತಿನಲ್ಲಿ ಏನೂ ಕೊಳ್ಳಬೇಡಿ. ನಿಮ್ಮ ಹಾಳೆಯಲ್ಲಿ ಪೂರ್ತಿ ಮಾಡೆಲ್ ಸಂಖ್ಯೆ ಬರೆದು ಮೂರು ನಾಲ್ಕು ಕಡೆ "ಅಣ್ಣಾ, ಬಿಲ್ ಸಮೇತ ಎಷ್ಟು?" ಎಂದು ಕೇಳಿ, ಆನ್‌ಲೈನ್ ಬೆಲೆಯ ಪಕ್ಕದಲ್ಲಿ ಬರೆದುಕೊಳ್ಳಿ. ಎಲ್ಲ ಭಾಗ ಒಂದೇ ಅಂಗಡಿಯಲ್ಲಿ ಕೊಂಡರೆ ಜೋಡಿಸಿ ಕೊಡುವಂತೆ ಕೇಳಬಹುದು, ಏನಾದರೂ ಕೆಟ್ಟರೆ ಉತ್ತರ ಹೇಳಲೂ ಒಬ್ಬರೇ ಇರುತ್ತಾರೆ.

"ಬಿಲ್ ಇಲ್ಲದೆ ಆದರೆ ಎರಡು ಸಾವಿರ ಕಡಿಮೆ" ಎಂಬ ಮಾತು ಬರಬಹುದು. ಕಂಪ್ಯೂಟರ್ ಭಾಗಗಳ ಮೇಲೆ ಜಿಎಸ್‌ಟಿ ಶೇ 18. ತೆರಿಗೆ ಸೇರಿ 50,000 ಆದರೆ ಅದರಲ್ಲಿ ಸುಮಾರು 7,627 ರೂಪಾಯಿ ತೆರಿಗೆ. ಬಿಲ್ ಇಲ್ಲದ ವ್ಯವಹಾರದಲ್ಲಿ ಸರ್ಕಾರಕ್ಕೆ ಹೋಗಬೇಕಾದ 7,627ರಲ್ಲಿ ನಿಮಗೆ ಎರಡು ಸಾವಿರ ಕೊಟ್ಟು ಉಳಿದದ್ದು ಎಲ್ಲಿ ಹೋಯಿತು ಎಂದು ಲೆಕ್ಕ ಹಾಕಿ. ನಿಮ್ಮ ಕೈಯಿಂದ ಹೋದದ್ದು ಮೂರು ವರ್ಷದ ವಾರಂಟಿ. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಇನ್ನೊಂದು ಸಲಹೆಯೂ ಸಿಗುತ್ತದೆ: "ಮಾಮುವಿನ ಅಂಗಡಿಯ ಜಿಎಸ್‌ಟಿ ನಂಬರಿಗೆ ಬಿಲ್ ಹಾಕಿಸು, ತೆರಿಗೆ ವಾಪಸ್ ಬರುತ್ತೆ." ಸ್ವಂತ ಬಳಕೆಯ ವಸ್ತುವಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಪಡೆಯುವಂತಿಲ್ಲ ಎಂದು ಸಿಜಿಎಸ್‌ಟಿ ಕಾಯ್ದೆಯ 17(5) ವಿಧಿ ಹೇಳುತ್ತದೆ. ನಮ್ಮ ಆಟಕ್ಕಾಗಿ ಮಾಮುವಿಗೆ ನೋಟಿಸ್ ಬರುವುದು ಬೇಡ.

ಬಿಲ್ ಇದ್ದೂ ಅಂಗಡಿ ಅಥವಾ ಕಂಪನಿ ವಾರಂಟಿ ಕೊಡಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ. ಇದಕ್ಕೆಲ್ಲ ಮೊದಲ ದಾಖಲೆ ಬಿಲ್ಲೇ.

ಕಂತು ಮತ್ತು ಬಡ್ಡಿ

"ನೋ ಕಾಸ್ಟ್ ಇಎಂಐ, ಬಡ್ಡಿ ಇಲ್ಲ" ಎಂಬ ಫಲಕ ನೋಡಿ, ಬಡ್ಡಿ ಬೇಡ ಎನ್ನುವ ನಮ್ಮ ಮನೆಗಳವರೂ ನಿರಾಳವಾಗಿ ಸಹಿ ಹಾಕುತ್ತಾರೆ. ಒಳಗೆ ನಡೆಯುವುದು ಬೇರೆ. ಸಾಮಾನ್ಯವಾಗಿ ಬ್ಯಾಂಕ್ ಬಡ್ಡಿ ಹಾಕುತ್ತದೆ; ಅಷ್ಟೇ ಮೊತ್ತವನ್ನು ಮಾರಾಟಗಾರ ರಿಯಾಯಿತಿ ಎಂದು ಮೊದಲೇ ಕಡಿಮೆ ಮಾಡುತ್ತಾನೆ. ಕ್ರೆಡಿಟ್ ಕಾರ್ಡ್ ಕಂತಿನ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿಯೂ ಬೀಳುತ್ತದೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ಭಾರತೀಯ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನ ಸುತ್ತೋಲೆಯಲ್ಲಿ ಬ್ಯಾಂಕುಗಳಿಗೆ ತಿಳಿಸಿತ್ತು.

ಉದಾಹರಣೆಗೆ 50,000ಕ್ಕೆ ವಾರ್ಷಿಕ ಶೇ 15ರಂತೆ ಆರು ತಿಂಗಳ ಕಂತು ಎಂದರೆ ತಿಂಗಳಿಗೆ ಸುಮಾರು 8,700. ಒಟ್ಟು ಬಡ್ಡಿ ಸುಮಾರು 2,200, ಅದರ ಮೇಲಿನ ತೆರಿಗೆ ಸುಮಾರು 400. ತಿಂಗಳಿಗೆ 8,700 ಕೊಡಲು ಆಗುವ ಮನೆ ಆರು ತಿಂಗಳು ಅಷ್ಟೇ ಹಣ ಎತ್ತಿಟ್ಟರೆ ಬಡ್ಡಿಯೇ ಇಲ್ಲದೆ ಕೊಳ್ಳಬಹುದು. ಆಗದ ಮನೆ ಕಂತಿಗೂ ಕೈ ಹಾಕಬಾರದು. ಈದಿ, ರಜೆಯಲ್ಲಿ ದುಡಿದ ಹಣ, ಮನೆಯವರು ಹಾಕುವ ಚೀಟಿ, ಯಾವುದೇ ಇರಲಿ, ಮೊದಲು 5600ಜಿ ಹಾಕಿಸಿ ಆಮೇಲೆ ಕಾರ್ಡ್ ಸೇರಿಸುವ ದಾರಿ ಇರುವುದು ಇಂಥವರಿಗಾಗಿಯೇ.

ಕರೆಂಟ್ ಬಿಲ್

ಕೊಂಡ ಮೇಲೆಯೂ ಖರ್ಚು ಇದೆ. ಆಡುವಾಗ ಪರದೆಯೂ ಸೇರಿ 300 ವ್ಯಾಟ್ ಎಂದುಕೊಳ್ಳಿ. ದಿನಕ್ಕೆ ಎರಡು ಗಂಟೆ ಆಡಿದರೆ 0.6 ಯೂನಿಟ್, ತಿಂಗಳಿಗೆ 18 ಯೂನಿಟ್. ಯೂನಿಟ್ಟಿಗೆ ಸುಮಾರು 6 ರೂಪಾಯಿ ಹಿಡಿದರೆ 108 ರೂಪಾಯಿ, ದೊಡ್ಡದಲ್ಲ ಎನಿಸುತ್ತದೆ.

ಆದರೆ ಗೃಹಜ್ಯೋತಿ ಪಡೆಯುವ ಮನೆಗೆ ಈ ಲೆಕ್ಕ ಬೇರೆ. ಆ ಯೋಜನೆಯಲ್ಲಿ ಪ್ರತಿ ಮನೆಗೆ ಹಿಂದಿನ ಸರಾಸರಿ ಬಳಕೆಯ ಮೇಲೆ ಒಂದು ಮಿತಿ ಇದೆ. ಮಿತಿ ದಾಟಿದರೂ 200 ಯೂನಿಟ್ಟಿನ ಒಳಗಿದ್ದರೆ ಹೆಚ್ಚಾದ ಯೂನಿಟ್ಟಿಗೆ ಮಾತ್ರ ಹಣ. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಈಗ 190 ಯೂನಿಟ್ ಬಳಸುವ ಮನೆಗೆ ನಿಮ್ಮ 18 ಸೇರಿದರೆ 208. ಅಂದರೆ 108 ರೂಪಾಯಿಯ ಆಟಕ್ಕೆ ಸುಮಾರು 1,250 ರೂಪಾಯಿ, ಅದರ ಮೇಲೆ ನಿಗದಿತ ಶುಲ್ಕ. ಕಂಪ್ಯೂಟರ್ ಕೊಳ್ಳುವ ಮೊದಲು ಕಳೆದ ಆರು ತಿಂಗಳ ಬೆಸ್ಕಾಂ ಬಿಲ್ ತೆಗೆದು ನೋಡಿ. ಬೇಸಿಗೆಯಲ್ಲಿ ಫ್ಯಾನ್, ಕೂಲರ್ ಓಡುವ ತಿಂಗಳುಗಳನ್ನು ವಿಶೇಷವಾಗಿ ಗಮನಿಸಿ.

ಮನೆಯಲ್ಲಿ ಏನು ಹೇಳಬೇಕು

ಗ್ರಾಫಿಕ್ಸ್ ಕಾರ್ಡ್ ಬೇಕಾದಾಗ ಹಲವರು ಮನೆಯಲ್ಲಿ ಹೇಳುವುದು "ಓದಿಗೆ ಬೇಕು" ಎಂದು. ಕಾಮರ್ಸ್ ಓದಿಗೆ ಬೇಕಾಗುವ ಟ್ಯಾಲಿ, ಎಕ್ಸೆಲ್ ಎರಡೂ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಾಧಾರಣ ಆಫೀಸ್ ಯಂತ್ರದಲ್ಲಿ ಓಡುತ್ತವೆ. ಟ್ಯಾಲಿಪ್ರೈಮ್‌ನ ಶೈಕ್ಷಣಿಕ ಮೋಡ್ ಉಚಿತವಾಗಿಯೇ ಸಿಗುತ್ತದೆ. ಹಾಗಾಗಿ ಓದಿನ ಹೆಸರಿನಲ್ಲಿ ಕೇಳಬಹುದಾದದ್ದು ಕಡಿಮೆ ಮೊತ್ತ. ಅದರ ಮೇಲಿನದೆಲ್ಲ ಆಟಕ್ಕೆ. ಹಾಳೆಯಲ್ಲಿ ಹಾಗೆಯೇ ಎರಡು ಸಾಲು ಮಾಡಿ ಅಬ್ಬಾ, ಅಮ್ಮಿಯ ಮುಂದೆ ಇಡಿ. ನಮ್ಮಲ್ಲಿ ಎಷ್ಟೋ ಮನೆಗಳಿಗೆ 50,000 ಎಂದರೆ ತಂಗಿಯ ಒಂದು ವರ್ಷದ ಫೀಸು, ಅಥವಾ ಅಬ್ಬಾ ಅವರ ಗಾಡಿ ರಿಪೇರಿ. ಅರ್ಥಶಾಸ್ತ್ರ ಇದನ್ನು ಅವಕಾಶ ವೆಚ್ಚ ಎನ್ನುತ್ತದೆ. ಆ ವೆಚ್ಚವನ್ನು ಹೊರುವವರು ಅವರಾದ್ದರಿಂದ ಸರಿಯಾದ ಅಂಕಿ ತಿಳಿಯುವ ಹಕ್ಕೂ ಅವರದು. ಸರಿಯಾದ ಲೆಕ್ಕ ಕೊಟ್ಟಾಗ ಮನೆಯವರು "ಬೇಡ" ಎನ್ನಬಹುದು, "ಮುಂದಿನ ವರ್ಷ ನೋಡೋಣ" ಎನ್ನಬಹುದು. "ಮೊದಲು ಆಫೀಸ್ ಪಿಸಿ ತೆಗೆದುಕೋ, ಪಿಯು ಮುಗಿದ ಮೇಲೆ ಕಾರ್ಡ್" ಎಂದರೆ ಅದು ಒಳ್ಳೆಯ ತೀರ್ಮಾನವೇ. ಟವರ್ ಡಬ್ಬಿ ಆರಿಸಿದ್ದರೆ ಆ ಕಾರ್ಡಿಗೆ ಜಾಗ ಕಾದಿರುತ್ತದೆ.

ಕೊನೆಗೆ, ಜೋಡಿಸಿದ ಕಂಪ್ಯೂಟರ್ ಮನೆಗೆ ಬಂದ ದಿನ ಮೂರು ಕೆಲಸ. ಪರದೆಯ ಕೇಬಲನ್ನು ಮದರ್‌ಬೋರ್ಡಿನ ಬದಲು ಗ್ರಾಫಿಕ್ಸ್ ಕಾರ್ಡಿನ ಪೋರ್ಟಿಗೇ ಚುಚ್ಚಿ. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಚಾಲೂ ಮಾಡಿ, ಇಲ್ಲದಿದ್ದರೆ 3200ರ ರ್‍ಯಾಮ್ ಕಡಿಮೆ ವೇಗದಲ್ಲೇ ಓಡುತ್ತಿರುತ್ತದೆ. ಪರದೆಯ ಸೆಟ್ಟಿಂಗಿನಲ್ಲಿ 144 ಹರ್ಟ್ಝ್ ಆರಿಸಿ. ವಿಂಡೋಸ್ ಎಷ್ಟೋ ಸಲ ಅದನ್ನು 60ರಲ್ಲೇ ಬಿಟ್ಟಿರುತ್ತದೆ. ಈ ಮೂರಕ್ಕೂ ಒಂದು ರೂಪಾಯಿ ಖರ್ಚಿಲ್ಲ. ಬಿಲ್ಲಿನ ಫೋಟೋ ತೆಗೆದು ಮನೆಯವರ ಫೋನಿಗೂ ಕಳಿಸಿಡಿ. ಅಂಗಡಿ ಬಿಲ್ಲಿನ ಶಾಯಿ ಮೂರು ವರ್ಷ ಉಳಿಯುವುದಿಲ್ಲ, ವಾರಂಟಿ ಉಳಿಯುತ್ತದೆ.